ಕಾಡಿಗೆ ಹೊರಟವರ ಸೊಂಟಕ್ಕೆ ಯಾವ ಕತ್ತಿ?

ನಮ್ಮ ಬಳಗವು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳಿಗಾಗಿ ನಡೆಸುವ ಕಾಡುಶಿಬಿರದ ಸುತ್ತೋಲೆಯನ್ನು ಈ ಪತ್ರಿಕೆಯ ಓದುಗರು ಬಲ್ಲರು. ಹೊದಿಕೆ, ಟಾರ್ಚು, ತಟ್ಟೆ ಲೋಟ, ಟಿಪ್ಪಣಿ ಪುಸ್ತಕ ಹೀಗೆ ಶಿಬಿರಾರ್ಥಿಗಳು ತರಬೇಕಾದ ವಸ್ತುಗಳ ಪಟ್ಟಿಯೊಂದು ಅದರ ಕೊನೆಯಲ್ಲಿರುತ್ತದೆ. ಕಳೆದ ಶಿಬಿರದ ಪಟ್ಟಿಗೆ ಹೊಸ ಸಾಲೊಂದು ಸೇರಿಕೊಂಡಿತ್ತು: ‘ಸರ್ವೈವಲ್ ಚಾಕು ಒಂದು’. ಸೇರಿಸಿದವರು ನಮ್ಮವರೇ, ಸದುದ್ದೇಶದಿಂದಲೇ ಸೇರಿಸಿದ್ದರು. ಆದರೂ ಆ ಸಾಲು ತಪ್ಪೆಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಸುತ್ತೋಲೆ ಅಚ್ಚಿಗೆ ಹೋಗುವ ಮೊದಲು ಅದನ್ನು ಎಲ್ಲರೆದುರು ಹೇಳಿಬಿಡುವುದು ಲೇಸೆಂದು ಬರೆಯುತ್ತಿದ್ದೇನೆ.

ಸುತ್ತೋಲೆಯನ್ನು ಅಕ್ಷರಶಃ ಪಾಲಿಸುವ ಮಕ್ಕಳು ನಮ್ಮವರು. ಶಿಬಿರದ ಮೊದಲ ಸಂಜೆ ಸೊಪ್ಪಿನಬೆಟ್ಟದ ಬುಡದ ಚಪ್ಪರದಲ್ಲಿ ಚೀಲಗಳು ಬಿಚ್ಚಿಕೊಂಡಾಗ ಹೊರಬಂದ ಆಯುಧಗಳನ್ನು ಕಂಡು ನಾನು ದಂಗಾದೆ. ಕಪ್ಪು ಬಣ್ಣ ಬಳಿದ ಅಲಗು, ಬೆನ್ನಿಗೆ ಗರಗಸದ ಹಲ್ಲು, ಹಿಡಿಕೆಯ ತುದಿಯಲ್ಲಿ ದಿಕ್ಸೂಚಿ, ಅದನ್ನು ತಿರುಗಿಸಿ ತೆಗೆದರೆ ಒಳಗೆ ಟೊಳ್ಳಿನಲ್ಲಿ ಬೆಂಕಿಕಡ್ಡಿ ಮತ್ತು ಮೀನಿನ ಗಾಳ! ಎಲ್ಲವೂ ಆನ್‌ಲೈನಿನಲ್ಲಿ ತರಿಸಿದವು. ಒಬ್ಬ ಹುಡುಗನ ಚೀಲದಿಂದ ಮಾತ್ರ ಗೋಣಿತಾಟಿನ ಸುರುಳಿಯೊಂದು ಹೊರಬಂತು. ಬಿಚ್ಚಿದರೆ ಒಂದು ಕುಡುಗೋಲು. ಜಾಲಿಮರದ ಹಿಡಿಕೆ, ಅದರ ಕುತ್ತಿಗೆಗೆ ಕಬ್ಬಿಣದ ಬಳೆ, ಮಸೆದು ಮಸೆದು ಕಿರಿದಾದ ಬಾಗಿದ ಅಲಗು. ಆತನ ಊರು ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಸರಸಂಬಾ. ಓದುವುದಕ್ಕಾಗಿ ನಮ್ಮ ಘಟ್ಟದ ಸೀಮೆಗೆ ಬಂದವನು. ಉಳಿದವರು ನಕ್ಕರು. ಆತನೂ ನಕ್ಕು ಹೇಳಿದ: “ನಮ್ಮ ಮನ್ಯಾಗ ಇದ್ದದ್ದು ಇದೇ ರೀ ಸರ್. ನಮ್ ಕಡಿ ಅಡವಿ ಅಂದ್ರ ಹೊಲಾನೇ.”

ಆ ಮಾತು ನನಗೆ ಹಿಡಿಸಿತು. ಬಯಲುಸೀಮೆಯ ಉತ್ತರ ಭಾಗದಲ್ಲಿ ‘ಅಡವಿಗೆ ಹೋಗುವುದು’ ಎಂದರೆ ಊರಾಚೆಯ ಹೊಲಕ್ಕೆ ಹೋಗುವುದು. ಮನುಷ್ಯನ ದುಡಿಮೆಯೂ ಮುಳ್ಳು ಹಾವು ಬಿಸಿಲುಗಳೂ ಒಂದೇ ಕಡೆ ಇರುವ ಜಾಗ ಅದು. ನಮ್ಮ ಮಲೆನಾಡಿನವರಿಗಾದರೂ ಕಾಡೆಂದರೆ ಬೇರೇನು? ಸೊಪ್ಪು ತರುವ, ದರಕು ಗುಡಿಸುವ, ದನ ಅಟ್ಟುವ, ಬಿದ್ದ ಕಟ್ಟಿಗೆ ಆಯುವ ಜಾಗ. ಅಲ್ಲಿಗೆ ‘ಬದುಕುಳಿಯಲು’ ಹೋಗುವವರು ಪೇಟೆಯ ಮಂದಿ. ನಾವು ಬದುಕಲು ಹೋಗುತ್ತೇವೆ.

ಶಿಬಿರದ ಎರಡನೆಯ ದಿನ ಆಗಬಾರದ್ದು ಆಯಿತು. ಒಣಗಿದ ಬಿದಿರಿನ ಗಣ್ಣನ್ನು ಸೀಳಲೆಂದು ಒಬ್ಬ ವಿದ್ಯಾರ್ಥಿ ತನ್ನ ಹೊಸ ಚಾಕುವನ್ನು ಅದರ ಮೇಲಿಟ್ಟು ದೊಣ್ಣೆಯಿಂದ ಬಡಿದ. ಮೂರನೆಯ ಪೆಟ್ಟಿಗೆ ಹಿಡಿಕೆ ಕೈಯಲ್ಲುಳಿದು ಅಲಗು ಚಿಮ್ಮಿತು. ಪಕ್ಕದಲ್ಲಿ ಬಿದಿರು ಹಿಡಿದಿದ್ದವನ ಅಂಗೈ ಹರಿಯಿತು. ನಾಲ್ಕು ಹೊಲಿಗೆ. ಇನ್ನೊಂದಂಗುಲ ಮೇಲಾಗಿದ್ದರೆ ಮಣಿಕಟ್ಟಿನ ರಕ್ತನಾಳ. ಮುರಿದ ಚಾಕುವನ್ನು ನಾನು ಪರೀಕ್ಷಿಸಿದೆ. ಹಿಡಿಕೆ ಟೊಳ್ಳಾದ್ದರಿಂದ ಅಲಗಿನ ಬಾಲ ಅದರೊಳಗೆ ಒಂದು ಹೆಬ್ಬೆರಳಿನಗಲವೂ ಇಳಿದಿರಲಿಲ್ಲ. ಒಂದು ತಿರುಪುಮೊಳೆ, ಸ್ವಲ್ಪ ಅಂಟು, ಅಷ್ಟೇ. ಅದೇ ಬಿದಿರನ್ನು ಮಧ್ಯಾಹ್ನ ನಮ್ಮೂರಿನ ಕೊನೆಗೌಡರೊಬ್ಬರು ತಮ್ಮ ಸೊಂಟದ ಕೊಕ್ಕೆಯಿಂದ ಕತ್ತಿ ತೆಗೆದು ಎರಡೇ ಪೆಟ್ಟಿಗೆ ಸೀಳಿಕೊಟ್ಟರು. ಸೀಳುವಾಗ ಅವರು ಮಾಡಿದ ಮೊದಲ ಕೆಲಸವೆಂದರೆ ಹುಡುಗರನ್ನೆಲ್ಲ ಎರಡು ಮಾರು ಹಿಂದೆ ಸರಿಸಿದ್ದು.

ಈ ಟೊಳ್ಳು ಹಿಡಿಕೆಯ, ಗರಗಸ ಬೆನ್ನಿನ ಚಾಕು ಕಾಡಿನಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಲೋಕಪ್ರಸಿದ್ಧಿ ತಂದದ್ದು 1982ರಲ್ಲಿ ತೆರೆಕಂಡ ‘ಫಸ್ಟ್ ಬ್ಲಡ್’ ಎಂಬ ಹಾಲಿವುಡ್ ಚಿತ್ರ. ಯುದ್ಧದಿಂದ ಮರಳಿದ ಸೈನಿಕನೊಬ್ಬ ಪೊಲೀಸರಿಂದ ತಪ್ಪಿಸಿಕೊಂಡು ಅಂಥದೊಂದು ಚಾಕುವಿನೊಡನೆ ಕಾಡು ಸೇರುವ ಕಥೆ ಅದು. ಆ ಚಿತ್ರಕ್ಕಾಗಿ ಚಾಕು ಮಾಡಿಕೊಟ್ಟ ಕುಶಲಕರ್ಮಿ ಗಟ್ಟಿಯಾಗಿಯೇ ಮಾಡಿದ್ದಾನು. ಅದರ ಅಗ್ಗದ ನಕಲುಗಳು ಗಟ್ಟಿಯಲ್ಲ. ಬೆನ್ನಿನ ಹಲ್ಲುಗಳು ಮರ ಕೊಯ್ಯುವುದಿಲ್ಲ. ದಪ್ಪ ಅಲಗಿನಲ್ಲಿ ಕೊರೆದ ಹಲ್ಲು ನಾಲ್ಕೆಳೆತಕ್ಕೆ ಸಿಕ್ಕಿಬೀಳುತ್ತದೆ. ಬೆನ್ನು ನುಣುಪಾಗಿಲ್ಲದ್ದರಿಂದ ಅದರ ಮೇಲೆ ಹೆಬ್ಬೆರಳಿಟ್ಟು ಒತ್ತುವಂತಿಲ್ಲ, ದೊಣ್ಣೆಯಿಂದ ಬಡಿಯುವಂತೆಯೂ ಇಲ್ಲ. ಹಿಡಿಕೆಯ ತುದಿಯ ದಿಕ್ಸೂಚಿ ಎಂಟರಲ್ಲಿ ಮೂರು ಬೇರೆ ಬೇರೆ ಉತ್ತರ ತೋರಿಸುತ್ತಿದ್ದವೆಂಬುದು ನಮ್ಮ ಶಿಬಿರದ ಅನುಭವ. ದಾರಿ ತಪ್ಪಿಸಲು ಅಷ್ಟು ಸಾಕು.

ಹಾಗಾದರೆ ಒಳ್ಳೆಯ ಕತ್ತಿಯನ್ನು ಗುರುತಿಸುವುದೆಂತು? ವಿದ್ಯಾರ್ಥಿ ಮಿತ್ರರಿಗಾಗಿ ಇದನ್ನು ತುಸು ವಿವರವಾಗಿ ಹೇಳಬೇಕು.

ಕಬ್ಬಿಣವನ್ನು ಉಕ್ಕನ್ನಾಗಿಸುವುದು ಇಂಗಾಲ. ಕಟ್ಟಡಕ್ಕೆ ಬಳಸುವ ಮೆದು ಕಬ್ಬಿಣದಲ್ಲಿ ಇಂಗಾಲದ ಅಂಶ ಶೇಕಡಾ ಕಾಲುಭಾಗದಷ್ಟೂ ಇರುವುದಿಲ್ಲ. ಅದನ್ನು ಎಷ್ಟೇ ಕಾಯಿಸಿ ನೀರಿಗದ್ದಿದರೂ ಕತ್ತಿಯ ಅಂಚಿಗೆ ಬೇಕಾದ ಗಡಸು ಬಾರದು. ಇಂದು ಮಸೆದ ಅಂಚು ನಾಳೆ ಮಗುಚಿಕೊಳ್ಳುತ್ತದೆ. ಲಾರಿಯ ಕಮಾನುಪಟ್ಟಿಯಲ್ಲಿ ಇಂಗಾಲ ಶೇಕಡಾ 0.5ರಿಂದ 0.6ರ ಆಸುಪಾಸು. ನಮ್ಮ ಕುಲುಮೆಗಳ ಆಚಾರಿಗಳು ಹಳೆಯ ಕಮಾನುಪಟ್ಟಿಯನ್ನೇ ಹುಡುಕಿ ತರುವುದು ಸುಮ್ಮನೆ ಅಲ್ಲ. ಪೆಟ್ಟು ತಡೆಯುವ, ಬಾಗಿ ಮರಳುವ ಗುಣ ಅದರಲ್ಲಿ ಮೊದಲೇ ಇದೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನಲ್ಲಿ ಶೇಕಡಾ ಹತ್ತೂವರೆಗೆ ಕಡಿಮೆಯಿಲ್ಲದಷ್ಟು ಕ್ರೋಮಿಯಂ ಸೇರಿರುತ್ತದೆ. ಅದು ಕೆಟ್ಟದ್ದೆಂದು ನಾನು ಹೇಳಲಾರೆ. ಕಡಲತೀರದಲ್ಲಿ, ಮೀನಿನ ಕೆಲಸದಲ್ಲಿ ಅದೇ ಮೇಲು. ಆದರೆ ಒಳ್ಳೆಯ ಸ್ಟೇನ್‌ಲೆಸ್ ಅಲಗು ದುಬಾರಿ, ಹೊಳೆಯ ಕಲ್ಲಿಗೆ ಸುಲಭವಾಗಿ ಮಸೆಯಲೊಲ್ಲದು. ಅಗ್ಗದ್ದು ಮಸೆಯುತ್ತದೆ, ನಿಲ್ಲುವುದಿಲ್ಲ.

ಇಂಗಾಲವಿದ್ದರೆ ಸಾಲದು, ಹದವೂ ಬೇಕು. ಕೆಂಪಗೆ ಕಾದ ಉಕ್ಕು ಸುಮಾರು 770 ಡಿಗ್ರಿಯಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ತುಸು ಮೇಲೇರಿಸಿ ಎಣ್ಣೆಗೋ ನೀರಿಗೋ ಅದ್ದಿದರೆ ಗಾಜಿನಂತೆ ಗಡಸು, ಗಾಜಿನಂತೆಯೇ ಪೆಡಸು. ಕೆಳಗೆ ಬಿದ್ದರೆ ಒಡೆದೀತು. ಆದ್ದರಿಂದ ಅದನ್ನು ಮತ್ತೆ ಮೆಲ್ಲನೆ ಕಾಯಿಸಿ ಪೆಡಸುತನ ಇಳಿಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಅಲಗಿನ ಮೇಲೆ ಆಗ ಬಣ್ಣಗಳು ಓಡುತ್ತವೆ. ಮೊದಲು ಹುಲ್ಲಿನ ಹಳದಿ, ಅದು ಸುಮಾರು 230 ಡಿಗ್ರಿ. ಆಮೇಲೆ ಕಂದು, ನೇರಳೆ. ಮುನ್ನೂರರ ಹತ್ತಿರ ನೀಲಿ. ಕ್ಷೌರದ ಕತ್ತಿಗೆ ಹಳದಿಯಲ್ಲಿ ನಿಲ್ಲಿಸಬೇಕು, ಕಡಿಯುವ ಕತ್ತಿಗೆ ನೇರಳೆ ದಾಟಿ ನೀಲಿಯ ಹೊಸ್ತಿಲವರೆಗೆ ಹೋಗಬೇಕು. ಉಷ್ಣಮಾಪಕವಿಲ್ಲದೆ, ಮಬ್ಬುಗತ್ತಲೆಯ ಕುಲುಮೆಯಲ್ಲಿ ಕಣ್ಣಳತೆಯಿಂದಲೇ ಇದನ್ನು ಮಾಡುವವರಿದ್ದಾರೆ. ಕುಲುಮೆ ಮಬ್ಬಾಗಿರುವುದೂ ಬಡತನಕ್ಕಲ್ಲ, ಬಣ್ಣ ಕಾಣಲಿಕ್ಕೆ.

ಈ ವಿದ್ಯೆ ನಮ್ಮ ನೆಲಕ್ಕೆ ಹೊರಗಿನಿಂದ ಬಂದುದೇನೂ ಅಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸಿಕ್ಕ ಕಬ್ಬಿಣದ ವಸ್ತುಗಳು ಕ್ರಿಸ್ತಪೂರ್ವ 1000ದಷ್ಟು ಹಿಂದಿನವು. ದಖ್ಖನಿನ ಮೂಸೆಯ ಉಕ್ಕನ್ನು ಪಾಶ್ಚಾತ್ಯರು ‘ವೂಟ್ಜ್’ ಎಂದು ಕರೆದರು. ಆ ಹೆಸರು ನಮ್ಮ ‘ಉಕ್ಕು’ ಎಂಬ ಪದದಿಂದಲೇ ಬಂದುದೆಂದು ವಿದ್ವಾಂಸರ ಅಭಿಪ್ರಾಯ. 1794ರಲ್ಲಿ ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಅದರ ಗಟ್ಟಿಗಳನ್ನು ಲಂಡನ್ನಿಗೆ ಕಳುಹಿಸಿದ, ಮರುವರ್ಷ ಜಾರ್ಜ್ ಪಿಯರ್ಸನ್ ಅಲ್ಲಿನ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಓದಿದ. ಮುಂದೆ ಮೈಕಲ್ ಫ್ಯಾರಡೆಯಂಥವನೂ ಅದರ ಗುಟ್ಟು ಬಿಡಿಸಲು ಕುಳಿತ. ಇಷ್ಟೆಲ್ಲ ಇದ್ದ ನಾಡಿನ ಹುಡುಗ ಇಂದು ಬಿದಿರು ಸೀಳಲಾಗದ ಚಾಕುವನ್ನು ಅಂಚೆಯಲ್ಲಿ ತರಿಸುತ್ತಾನೆ.

ಇನ್ನೂ ಹಿಂದಕ್ಕೆ ಹೋಗುವುದಾದರೆ, ಅವಿಭಜಿತ ಗುಲ್ಬರ್ಗಾ ಜಿಲ್ಲೆಯ, ಈಗಿನ ಯಾದಗಿರಿಯ, ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪ್ರಾಕ್ತನತಜ್ಞ ಕೆ. ಪದ್ದಯ್ಯನವರ ತಂಡ ಆದಿಮಾನವರ ಕಲ್ಲಿನ ಕಾರ್ಖಾನೆಯನ್ನೇ ಅಗೆದು ತೆಗೆಯಿತು. ಅಲ್ಲಿನ ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿ, ಸೀಳುಗತ್ತಿಗಳನ್ನು ಮಾಡುತ್ತಿದ್ದವರ ಕಾಲವನ್ನು, ಜೊತೆಗೆ ಸಿಕ್ಕ ಪ್ರಾಣಿಗಳ ಹಲ್ಲುಗಳ ಪರೀಕ್ಷೆಯಿಂದ, ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜಿಸಿದ್ದಾರೆ. ಕಾಡಿನಲ್ಲಿ ಬದುಕುಳಿಯಲು ಅಲಗೊಂದು ಬೇಕೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಅವರು ಅದನ್ನು ಕೈಗೆ ಸಿಗುವ ಕಲ್ಲಿನಿಂದ, ಮಾಡಬೇಕಾದ ಕೆಲಸಕ್ಕೆ ತಕ್ಕಂತೆ, ತಾವೇ ಮಾಡಿಕೊಂಡರು ಎಂಬುದನ್ನಷ್ಟೇ ನೆನಪಿಸುತ್ತಿದ್ದೇನೆ.

ಶಿಬಿರ ಮುಗಿಸಿ ಹೊರಡುವ ಗಡಿಬಿಡಿಯಲ್ಲಿ ಸರಸಂಬಾದ ಹುಡುಗ ಕುಡುಗೋಲನ್ನು ಚಪ್ಪರದಲ್ಲಿಯೇ ಬಿಟ್ಟುಹೋಗಿದ್ದ. ವಾರದ ನಂತರ ಫೋನು ಬಂತು: “ಸರ್, ಅಪ್ಪ ಬೈಲಕತ್ಯಾರ. ತೊಗರಿ ಕೊಯ್ಲಿಗಿ ಅದೇ ಬೇಕಂತ.” ನನಗೂ ಕಲಬುರಗಿಯ ಕಡೆ ಒಂದು ಕೆಲಸವಿತ್ತು. ಅದನ್ನು ಗೋಣಿಯಲ್ಲಿ ಬಿಗಿದು ಸುತ್ತಿ ಹೊರಟೆ. ನಿರ್ವಾಹಕರು ತಕರಾರು ಮಾಡಿದರೂ ಕುಡುಗೋಲೆಂದು ತಿಳಿದ ಮೇಲೆ ಸೀಟಿನಡಿ ಇಡಗೊಟ್ಟರು.

ಘಟ್ಟದವರಿಗೆ ಆ ನೆಲವೊಂದು ಬೆರಗು. ಕರಿಯ ಎರೆಮಣ್ಣು, ಅದರಡಿ ಲಾವಾರಸ ಹೆಪ್ಪುಗಟ್ಟಿದ ಕಪ್ಪು ಕಲ್ಲು, ಬದುವಿನ ಮೇಲೆ ಜಾಲಿ, ಬೇವು, ಬಾರಿಗಿಡ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆದರೆ ಅದನ್ನು ಕೊಯ್ಯುವುದೆಂದರೆ ಭತ್ತ ಕೊಯ್ದಂತಲ್ಲವೆಂದು ನನಗೆ ತಿಳಿದದ್ದು ಅಲ್ಲಿಯೇ. ಬಲಿತ ತೊಗರಿ ಗಿಡದ ಬುಡ ಕಟ್ಟಿಗೆಯೇ ಸರಿ; ನಮ್ಮ ಹಲ್ಲುಗತ್ತಿ ಅದರ ಮುಂದೆ ಆಟಿಕೆ. ಅಲಗಿಗೆ ತೂಕ ಬೇಕು, ಬಾಗು ಬೇಕು, ಎಳೆದಾಗ ಕಾಂಡ ಜಾರಿಹೋಗದಂತೆ ಹೊಟ್ಟೆಯಲ್ಲಿ ಹಿಡಿದಿಡಬೇಕು. ದಿನಕ್ಕೆ ಸಾವಿರಾರು ಸಲ ಬಗ್ಗುವ ಕೈಗೆ ಹಿಡಿಕೆ ಬೊಬ್ಬೆ ಬರಿಸಬಾರದು. ಹುಡುಗನ ತಂದೆ ಗೋಣಿ ಬಿಚ್ಚಿ, ಅಂಚಿನ ಮೇಲೆ ಅಡ್ಡಡ್ಡ ಹೆಬ್ಬೆರಳಾಡಿಸಿ, ಒಂದೆಡೆ ನಿಲ್ಲಿಸಿ ನನ್ನ ಮುಖ ನೋಡಿದರು. “ಕಲ್ಲಿಗಿ ಬಡದದ ನೋಡ್ರಿ ಸರ.” ಬಡಿದದ್ದು ನಿಜ. ಶಿಬಿರದಲ್ಲಿ ಯಾರೋ ಅದರಿಂದ ನೆಲ ಕೆರೆದಿದ್ದರು. ಅವರು ಬೇರೇನೂ ಅನ್ನಲಿಲ್ಲ, ಚಹಾ ತರಿಸಿದರು. ನನಗೆ ಚಹಾ ಇಳಿಯಲಿಲ್ಲ.

ಅದನ್ನು ಹಣಿಸಲೆಂದು ಮರುದಿನ ಅವರೊಡನೆ ಆಳಂದದ ರಸ್ತೆಯಲ್ಲಿ ಬೀಡುಬಿಟ್ಟಿದ್ದ ಘಿಸಾಡಿಗಳ ಬಳಿ ಹೋದೆ. ಮಹಾರಾಷ್ಟ್ರದಲ್ಲಿಯೂ ನಮ್ಮ ಉತ್ತರದ ಜಿಲ್ಲೆಗಳಲ್ಲಿಯೂ ಸುಗ್ಗಿಯ ಹಿಂದೆ ಊರೂರು ಅಲೆಯುವ ಕಮ್ಮಾರರು ಅವರು. ಹಳೆಯ ಕಾಲದಲ್ಲಿ ಊರಿನ ಕಂಬಾರರು ಆಯಗಾರರಾಗಿದ್ದರು. ವರ್ಷವಿಡೀ ಕುಂಟೆಯ ಕುಡ, ಕುರ್ಪಿ, ಕೊಡಲಿಗಳ ಕೆಲಸ ಮಾಡಿ ಸುಗ್ಗಿಯಲ್ಲಿ ಜೋಳದ ಆಯ ಪಡೆಯುತ್ತಿದ್ದರು. ಟ್ರ್ಯಾಕ್ಟರು ಬಂತು, ಕುಂಟೆ ಕೂರಿಗೆಗಳು ಕಡಿಮೆಯಾದವು, ಆಯ ನಿಂತಿತು. ನಮ್ಮ ಮಲೆನಾಡಿನಲ್ಲಿಯೂ ಇದೇ ಕಥೆ ಬೇರೆ ರಾಗದಲ್ಲಿ ನಡೆದಿದೆ. ಇದ್ದಿಲು ಸಿಗುವುದಿಲ್ಲ, ಆಚಾರಿಯ ಮಗ ಬೆಂಗಳೂರಿನಲ್ಲಿ ಗೇಟು ಬೆಸೆಯುತ್ತಾನೆ. ಕತ್ತಿ ಹಣಿಸಲು ನಾಲ್ಕು ಊರು ದಾಟಬೇಕಾದ ಸ್ಥಿತಿಯನ್ನು ಓದುಗರಲ್ಲಿ ಹಲವರು ಬಲ್ಲರು.

ರಸ್ತೆಬದಿಯ ಆ ಕುಲುಮೆಯಲ್ಲಿ ಗಂಡಸು ಇಕ್ಕಳ ಹಿಡಿದು ಕುಳಿತಿದ್ದ. ಸಮ್ಮಟಿಗೆ ಎತ್ತಿ ಬಡಿಯುತ್ತಿದ್ದವಳು ಹೆಂಗಸು. ಒಂದು ಪೆಟ್ಟೂ ಗುರಿ ತಪ್ಪಲಿಲ್ಲ. ಸರ್ವೈವಲ್ ಚಾಕುಗಳ ಜಾಹೀರಾತಿನಲ್ಲಿ ಗಡ್ಡ ಬಿಟ್ಟ ಗಂಡಸರನ್ನೇ ಕಂಡಿರುವ ನಮ್ಮ ಹುಡುಗರಿಗೆ ಆ ನೋಟವನ್ನೊಮ್ಮೆ ತೋರಿಸಬೇಕೆನಿಸಿತು. ಕಾಡಿಗೆ ಒಯ್ಯಲು ನನಗೂ ಒಂದು ಕತ್ತಿ ಮಾಡಿಕೊಡಿ ಎಂದೆ. ಆತ ತಲೆಯೆತ್ತದೆ ಕೇಳಿದ: “ಏನ್ ಕೆಲಸ ಮಾಡಾದು ಅದ್ರಿಂದ, ಮೊದಲ ಅದು ಹೇಳ್ರಿ.” ನಾನು ತಬ್ಬಿಬ್ಬಾದೆ. ಚಾಕುವನ್ನು ಕುರಿತು ಇಷ್ಟು ಪುಟ ಬರೆಯುವ ಮನುಷ್ಯನಿಗೆ ಆ ಪ್ರಶ್ನೆಗೆ ಸಿದ್ಧ ಉತ್ತರವಿರಲಿಲ್ಲ.

ಉತ್ತರ ಹುಡುಕಿದರೆ ಆಯ್ಕೆ ತಾನಾಗಿ ಆಗುತ್ತದೆ. ಹಗ್ಗ ಕೊಯ್ಯುವುದು, ಕಾಯಿ ಸುಲಿಯುವುದು, ಕಡ್ಡಿ ಚಿವುರಿ ಬೆಂಕಿಗೆ ಪುಳ್ಳೆ ಮಾಡುವುದು ಇಷ್ಟೇ ಆದರೆ ನಾಲ್ಕೈದು ಅಂಗುಲದ ನೇರ ಅಲಗು ಸಾಕು, ಬೆನ್ನು ಮೂರು ಮಿಲಿಮೀಟರು ದಪ್ಪವಿರಲಿ. ಬಾಲವು ಹಿಡಿಕೆಯ ಆ ತುದಿಯವರೆಗೆ ಹೋಗಿರಬೇಕು, ಇದರಲ್ಲಿ ಮಾತ್ರ ರಿಯಾಯಿತಿ ಇಲ್ಲ. ಒಣ ಬಿದಿರು, ಬಳ್ಳಿ, ಮುಳ್ಳು ಸವರುವುದಾದರೆ ನಮ್ಮ ಮಲೆನಾಡಿನ ಬಾಗುಗತ್ತಿಯೇ ಬೇಕು. ಅದರ ಮೂತಿಯ ಬಾಗು ಅಲಂಕಾರಕ್ಕಲ್ಲ. ಕಲ್ಲಿನ ನೆಲದಲ್ಲಿ ಬುಡ ಸವರುವಾಗ ಅಂಚಿನ ಬದಲು ಮೂತಿ ನೆಲ ಮುಟ್ಟಲೆಂದು, ಮುಳ್ಳನ್ನು ಕೈಯಿಂದ ಮುಟ್ಟದೆ ಎಳೆದುಕೊಳ್ಳಲೆಂದು. ಕೊಡಗಿನ ಒಡಿಕತ್ತಿ ಇನ್ನೂ ಅಗಲ, ಬೆನ್ನ ಹಿಂದಿನ ತೋಡಂಗಿನಲ್ಲಿ ನೇತಾಡುವಂಥದು. ಅವರದೇ ಪೀಚೆಕತ್ತಿ ಈಗ ಮದುವೆಯ ಶೋಭೆ. ಕುರಿಗಾಹಿಗಳಿಗೆ ಬಿದಿರಿನ ತುದಿಗೆ ಕಟ್ಟಿದ ಕುಡುಗೋಲು. ಕಬ್ಬಿನವರಿಗೆ ಕೊಯ್ತಾ. (ಅಫಜಲಪುರದ ಭೀಮಾತೀರದಲ್ಲಿಯೂ ಗಡಿಯಾಚೆಯೂ ಕಬ್ಬು ಕಡಿಯುವ ಈ ಕತ್ತಿಯ ಹೆಸರನ್ನೇ ಮಹಾರಾಷ್ಟ್ರದ ಗುತ್ತಿಗೆದಾರರು ಗಂಡಹೆಂಡಿರ ಜೋಡಿಗೂ ಇಟ್ಟಿದ್ದಾರೆ. ಮುಂಗಡ ಕೊಡುವುದು ‘ಒಂದು ಕೊಯ್ತಾ’ಕ್ಕೆ, ಇಬ್ಬರಲ್ಲೊಬ್ಬರು ಜ್ವರ ಬಿದ್ದರೆ ಕೂಲಿ ಕಡಿತ. ಮನುಷ್ಯರನ್ನು ಹತಾರಿನ ಹೆಸರಿನಿಂದ ಎಣಿಸುವ ಈ ಲೆಕ್ಕದ ಬಗ್ಗೆ ಬೇರೆಯೇ ಬರೆಯಬೇಕು.)

ಕೊಳ್ಳುವಾಗ ಅಲಗನ್ನು ಸಡಿಲವಾಗಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಂಟೆಯಂತೆ ಎಳೆದ ಸ್ವರ ಬಂದರೆ ಸರಿ, ಒಡಕು ಸ್ವರ ಬಂದರೆ ಎಲ್ಲೋ ಬಿರುಕಿದೆ. ಅಂಚಿನ ಮೇಲೆ ಅರ ಆಡಿಸಿದರೆ ಕಷ್ಟದಿಂದ ಕಚ್ಚಬೇಕು. ಬೆಣ್ಣೆಯಂತೆ ಕೊರೆದರೆ ಹದವಿಲ್ಲ, ಪೂರಾ ಜಾರಿದರೆ ಪೆಡಸು. ಹಿಡಿಕೆಗೆ ಬಯಲಿನಲ್ಲಿ ಜಾಲಿ, ನಮ್ಮಲ್ಲಿ ಪೆಟ್ಟು ನುಂಗುವ ದಡಸಲು. ಮಳೆಗಾಲದಲ್ಲಿ ಕೊಬ್ಬರಿ ಎಣ್ಣೆ ಸವರಿಡುವುದು ನಮ್ಮ ರೂಢಿ. ಸರಸಂಬಾದಲ್ಲಿ ಕುಸುಬಿ ಎಣ್ಣೆ ಹಚ್ಚುತ್ತಾರೆ. ಅದು ಒಣಗಿ ತೆಳುಪೊರೆ ಕಟ್ಟುವುದರಿಂದ ಇನ್ನೂ ಮೇಲು.

ಇಂಗಾಲದ ಉಕ್ಕಿಗೆ ಇನ್ನೊಂದು ಗುಣವಿದೆ. ಬೆಣಚಿನ ಚೂಪು ಅಂಚಿನಿಂದ ಅದರ ಬೆನ್ನನ್ನು ಸವರಿ ಹೊಡೆದರೆ ಕಿಡಿ ಹಾರುತ್ತದೆ. ನಮ್ಮ ಅಜ್ಜಂದಿರ ಚಕಮಕಿ ಅದೇ. ಕಿಡಿ ಹಿಡಿಯಲು ಅವರು ಬಗನಿ ಮರದ ನಾರುಹತ್ತಿಯನ್ನು ಇಟ್ಟುಕೊಳ್ಳುತ್ತಿದ್ದರು. ಆಳಂದದ ಕಡೆಯ ಎರೆಹೊಲಗಳಂಥ ಲಾವಾನೆಲದಲ್ಲಿ ಕಪ್ಪು ಕಲ್ಲಿನ ಪೊಟರೆಗಳಿಂದ ಕಳಚಿ ಬಿದ್ದ ಅಗೇಟಿನ ಬಿಳಿ ತುಂಡುಗಳು ಸಿಗುತ್ತವೆ. ಚಕಮಕಿಗೆ ಅದಕ್ಕಿಂತ ಒಳ್ಳೆಯ ಕಲ್ಲು ನಮ್ಮ ಘಟ್ಟದಲ್ಲಿಲ್ಲ. ಒಂದನ್ನು ಜೇಬಿಗಿಳಿಸಿ ತಂದಿದ್ದೇನೆ. ಸ್ಟೇನ್‌ಲೆಸ್ ಚಾಕುವಿನ ಬೆನ್ನಿಗೆ ಹೊಡೆದು ನೋಡಿದೆ, ಏನೂ ಇಲ್ಲ. ಹಳೆಯ ಕತ್ತಿಗೆ ಹೊಡೆದಾಗ ಹಾರಿದ ಕಿಡಿ ಕಂಡು ಮನೆಯ ಮಕ್ಕಳು ಕುಣಿದರು.

ಇಷ್ಟಾದರೂ ‘ಬದುಕುಳಿಯುವಿಕೆ’ಯ ವಿಷಯದಲ್ಲಿ ಕತ್ತಿಯ ಪಾತ್ರ ಚಿಕ್ಕದು. ಆಳಂದದ ಉತ್ತರಕ್ಕೆ, ಗಡಿಯಾಚೆ, ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆಲ ನಡುಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಅಲ್ಲಿ ಬೇಕಾದದ್ದು ಹಾರೆ, ಗುದ್ದಲಿ, ಹತ್ತಾರು ಕೈಗಳು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿತೀರದ ಊರುಗಳಿಗೆ ನೀರು ನುಗ್ಗಿತು. ಹಾಗೆ ನೀರೇರುವ ರಾತ್ರಿ ಕೊಟ್ಟಿಗೆಯಲ್ಲಿ ಬಿಗಿದುಕೊಂಡ ಹಗ್ಗದ ಗಂಟು ಕೈಯಿಂದ ಬಿಚ್ಚಲಾಗದು. ಎತ್ತಿನ ಕೊರಳ ಬಳಿ ಒಂದೇ ಎಳೆತಕ್ಕೆ ಹಗ್ಗ ಕೊಯ್ಯುವ ಕುಡುಗೋಲು ಬಾಗಿಲ ಹಿಂದಿನ ಗೂಟದಲ್ಲಿಯೇ ಇರಬೇಕು. ಗುಡ್ಡ ಕುಸಿಯುವ ನಮ್ಮ ಸೀಮೆಗೂ ಈ ಮಾತು ಸಲ್ಲುತ್ತದೆ. 2018ರ ಕೊಡಗನ್ನೂ 2024ರ ಶಿರೂರನ್ನೂ ಕಂಡ ಮೇಲೆ ದನದ ಹಗ್ಗಕ್ಕೊಂದು ಕತ್ತಿ ಕೊಟ್ಟಿಗೆಯಲ್ಲೇ ಇರಲೆಂದು ನಾನು ನಮ್ಮ ಮನೆಯಲ್ಲಿ ಗೂಟ ಹೊಡೆದಿದ್ದೇನೆ.

ಹಾವಿನ ಮಾತು ಹೇಳಲೇಬೇಕು. ಮುರಿದ ಆ ಚಾಕುವಿನ ಪೆಟ್ಟಿಗೆಯಲ್ಲಿ ಹಾವು ಕಚ್ಚಿದ ಜಾಗವನ್ನು ಗೀರಿ ರಕ್ತ ಹರಿಸುವ ಚಿತ್ರವಿತ್ತು. ಇದು ಕೊಲೆಗಡುಕ ಸಲಹೆ. ಗೀರಬಾರದು, ಹೀರಬಾರದು, ಬಿಗಿದು ಕಟ್ಟಲೂ ಬಾರದು. ಕಚ್ಚಿಸಿಕೊಂಡ ಅಂಗವನ್ನು ಅಲುಗಾಡದಂತೆ ಇರಿಸಿ, ನಡೆಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು. ಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುವುದರಿಂದ ಗೀರಿದ ಗಾಯ ನಿಲ್ಲದೆ ಸೋರುತ್ತದೆ. ನಮ್ಮ ದೇಶದ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಘಟ್ಟದ ಗುಳಿಮಂಡಲಗಳಿಗೆ ಅದು ನೆಚ್ಚಿಕೆಯದಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹೀಗಿರುವಾಗ ಕಾಡಿಗೆ ಹೋಗುವವರು ಚಾಕುವಿಗಿಂತ ಮೊದಲು ತಿಳಿದಿರಬೇಕಾದದ್ದು ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷವಿದೆ ಎಂಬುದನ್ನು. ನಮ್ಮ ಸುತ್ತೋಲೆಯಲ್ಲಿ ಅದು ಇರಲಿಲ್ಲ.

ಕಾನೂನನ್ನೂ ನಾವು ಮರೆತಿದ್ದೆವು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರಲ್ಲಿ ‘ಆಯುಧ’ದ ವ್ಯಾಖ್ಯೆಯೊಳಗೆ ಚಾಕುವೂ ಸೇರಿದೆ, ಅದರ 31ನೆಯ ಕಲಮಿನಂತೆ ಲಿಖಿತ ಪೂರ್ವಾನುಮತಿಯಿಲ್ಲದೆ ಆಯುಧದೊಡನೆ ಅಭಯಾರಣ್ಯವನ್ನು ಪ್ರವೇಶಿಸುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೂ ಅದು ಅನ್ವಯ. ಕಳೆದ ಶಿಬಿರ ಸೊಪ್ಪಿನಬೆಟ್ಟದಲ್ಲಿ ನಡೆದದ್ದರಿಂದ ತೊಂದರೆಯಾಗಲಿಲ್ಲ. ಹಿಂದೊಮ್ಮೆ ಯೋಚಿಸಿದ್ದಂತೆ ಅಭಯಾರಣ್ಯದಲ್ಲಿ ನಡೆದಿದ್ದರೆ ಸುತ್ತೋಲೆಯನ್ನು ಪಾಲಿಸಿದ ಒಬ್ಬೊಬ್ಬ ವಿದ್ಯಾರ್ಥಿಯೂ ಅಪರಾಧಿ. ಶಸ್ತ್ರಾಸ್ತ್ರ ನಿಯಮಗಳಾದರೂ ಒಂಬತ್ತಂಗುಲಕ್ಕಿಂತ ಉದ್ದದ ಅಥವಾ ಎರಡಂಗುಲಕ್ಕಿಂತ ಅಗಲದ ಅಲಗನ್ನು ಆಯುಧವೆಂದು ಎಣಿಸುವಾಗ ಮನೆ ಮತ್ತು ಕೃಷಿಯ ಕೆಲಸಕ್ಕೆಂದು ಮಾಡಿದವನ್ನು ಹೊರಗಿಡುತ್ತವೆ. ಕಾನೂನಿನ ಕಣ್ಣಿನಲ್ಲಿಯೂ ಕುಡುಗೋಲು ಬೇರೆ, ಕಾದಾಟದ ಕತ್ತಿ ಬೇರೆ.

ಕೊನೆಯದಾಗಿ, ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಸಂಗತಿ. ಶಿಬಿರದ ಮೂರನೆಯ ಬೆಳಿಗ್ಗೆ ಹಳ್ಳದ ದಂಡೆಯಲ್ಲಿ ಹನ್ನೊಂದು ಎಳೆಯ ಸಸಿಗಳು ಕಡಿದು ಬಿದ್ದಿದ್ದವು. ಎಂಟು ವರ್ಷದ ಮತ್ತಿ, ನೇರಳೆ, ಒಂದು ಮುರುಗಲು. ಯಾರಿಗೂ ಅವು ಬೇಕಿರಲಿಲ್ಲ. ಚಾಕುವಿನ ಹರಿತ ನೋಡಿದ್ದರು, ಅಷ್ಟೇ. ಹೊಸ ಕತ್ತಿ ಕೈಗೆ ಬಂದವನಿಗೆ ಮರವೆಲ್ಲ ಪರೀಕ್ಷೆಯ ಹಲಗೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಚಾರಣಿಗರು ಒಮ್ಮೆಲೇ ನುಗ್ಗಿ, ಸರ್ಕಾರ ಚಾರಣಕ್ಕೇ ತಡೆ ಹಾಕಬೇಕಾಗಿ ಬಂದಾಗ ನಾವು ಪೇಟೆಯವರನ್ನು ಟೀಕಿಸಿ ಇದೇ ಪುಟಗಳಲ್ಲಿ ಬರೆದೆವು. ನಮ್ಮದೇ ಶಿಬಿರದ ಹನ್ನೊಂದು ಸಸಿಗಳ ಬಗ್ಗೆ ಬರೆಯಲಿಲ್ಲ. ಕಡಿದ ಹುಡುಗರನ್ನು ಗದರಿಸುವ ಹಕ್ಕು ನಮಗಿರಲಿಲ್ಲ. ಕತ್ತಿ ತನ್ನಿರೆಂದು ಬರೆದವರು ನಾವು, ಕೆಲಸ ಹೇಳದೆ ಬಿಟ್ಟವರೂ ನಾವು. ಸರಸಂಬಾದ ಹುಡುಗ ಆ ಗುಂಪಿನಲ್ಲಿರಲಿಲ್ಲವೆಂಬುದನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಅವನಿಗೆ ತನ್ನ ಕುಡುಗೋಲು ಕೊಯ್ಯುತ್ತದೆಂಬುದು ಮೊದಲೇ ಗೊತ್ತಿತ್ತು.

ಆದ್ದರಿಂದ ಬಳಗದ ಮುಂದೆ ನನ್ನ ಸೂಚನೆ ಇಷ್ಟು. ಮುಂದಿನ ಸುತ್ತೋಲೆಯಿಂದ ಆ ಸಾಲನ್ನು ತೆಗೆಯೋಣ. ಅದರ ಜಾಗದಲ್ಲಿ ಹೀಗೆ ಬರೆಯೋಣ: ‘ಮನೆಯಲ್ಲಿ ಬಳಕೆಯಲ್ಲಿರುವ ಕತ್ತಿಯಿದ್ದರೆ ಮಾತ್ರ, ಹಿರಿಯರನ್ನು ಕೇಳಿ, ಹಣಿಸಿ, ಗೋಣಿಯಲ್ಲಿ ಸುತ್ತಿ ತರುವುದು. ಯಾವ ಊರಿನ ಕುಲುಮೆಯಲ್ಲಿ ಹಣಿಸಿದ್ದೆಂದು ಚೀಟಿ ಬರೆದು ಹಿಡಿಕೆಗೆ ಕಟ್ಟುವುದು. ಇಲ್ಲದವರು ತರಬೇಕಾಗಿಲ್ಲ.’ ಆ ಚೀಟಿಗಳನ್ನು ಒಟ್ಟುಮಾಡಿದರೆ ನಮ್ಮ ಸೀಮೆಯಲ್ಲಿ ಇನ್ನೂ ಬೆಂಕಿ ಆರದ ಕುಲುಮೆಗಳು ಎಷ್ಟೆಂಬ ಲೆಕ್ಕವೂ ಸಿಕ್ಕೀತು. ಶಿಬಿರದ ಒಂದು ಮಧ್ಯಾಹ್ನವನ್ನು ಅಂಥದೊಂದು ಕುಲುಮೆಯಲ್ಲಿ ಕಳೆಯುವಂತೆಯೂ, ಆಚಾರಿಯವರಿಗೆ ಅರ್ಧ ದಿನದ ಕೂಲಿ ಬಳಗವೇ ಕೊಡುವಂತೆಯೂ ಗೊತ್ತುಪಡಿಸೋಣ. ಭಿನ್ನಾಭಿಪ್ರಾಯವಿರುವವರು ಮುಂದಿನ ಸಭೆಗೆ ಮೊದಲು ಬರೆದು ತಿಳಿಸಬೇಕು. ಪಟ್ಟಿಗೆ ಆ ಸಾಲು ಸೇರಿಸಿದ ಮಿತ್ರರು ಮೊದಲಿಗರಾಗಿ ಬರೆಯಲಿ. ಕಡಿದ ಹನ್ನೊಂದು ಬುಡಗಳ ಪೈಕಿ ಏಳರಲ್ಲಿ ಈ ಮಳೆಗೆ ಚಿಗುರು ಬಂದಿದೆ. ನಾಲ್ಕರಲ್ಲಿ ಇನ್ನೂ ಇಲ್ಲ.